ಪೂಜೆಗೆ ಕೂತ ಪಿನ್ನು

ನಾನು ಹುಟ್ಟಾ ಪುಕ್ಕಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಮನೆಯಲ್ಲಿ ಒಬ್ಬರಾದರೂ ಹೆದರುವವರು ಇರಲೇಬೇಕು, ಇಲ್ಲದಿದ್ದರೆ ಗ್ಯಾಸ್ ಆರಿಸುವವರು ಯಾರು, ಚಿಲಕ ಹಾಕುವವರು ಯಾರು ಎಂಬುದು ನನ್ನ ವಾದ. ಗಂಗೆಯಲ್ಲಿ ದೋಣಿ ಹತ್ತುವ ಮುಂಚೆ ಅಂಬಿಗನಿಗೆ ಈಜು ಬರುತ್ತದೋ ಇಲ್ಲವೋ ಎಂದು ವಿಚಾರಿಸಿ ಅವನಿಂದ ಬೈಸಿಕೊಂಡವಳು ನಾನು. ಇಂಥವಳನ್ನು ಕಟ್ಟಿಕೊಂಡ ಮನುಷ್ಯ, ನಾವು ಧಾರವಾಡದಿಂದ ವರ್ಗವಾಗಿ ಬನಾರಸಕ್ಕೆ ಬಂದ ಎರಡನೆಯ ವರ್ಷ, ಮಿಲಿಟರಿಯವರು ಹರಾಜು ಹಾಕಿದ ಹಳೆಯ ಜೀಪೊಂದನ್ನು ಕೊಂಡು ಮನೆ ಮುಂದೆ ತಂದು ನಿಲ್ಲಿಸಿದರು.

ಅದು ತೊಂಬತ್ತರ ದಶಕದ ಶುರು. ನಮ್ಮವರು ಅಂತರ್ಜಲ ಹುಡುಕುವ ಸರಕಾರಿ ಕಚೇರಿಯಲ್ಲಿದ್ದರು. ಕಂಟೋನ್ಮೆಂಟಿನಲ್ಲಿ ಕಚೇರಿ, ಅಲ್ಲೇ ಸ್ವಲ್ಪ ಹಿಂದೆ ನಮ್ಮ ಬಾಡಿಗೆ ಮನೆ. ವಾರವೆಲ್ಲ ಕಚೇರಿಯ ಗಾಡಿಯಲ್ಲಿ ಬೆಟ್ಟ ಸುತ್ತಿ ಬಂದರೂ ಇವರಿಗೆ ಸಾಲದು. ಭಾನುವಾರ ಬಂತೆಂದರೆ ನನ್ನನ್ನೂ ಆರು ವರ್ಷದ ಮಗಳನ್ನೂ ಆ ಜೀಪಿನಲ್ಲಿ ಹೇರಿಕೊಂಡು ಗಂಗೆ ದಾಟಿ ಚಕಿಯಾದ ಆಚೆಯ ಬೆಟ್ಟಗಳಿಗೆ ಹೊರಡುತ್ತಿದ್ದರು. ಅಲ್ಲಿ ರಸ್ತೆ ಎಂಬುದಿರಲಿಲ್ಲ. ಬಂಡೆಯ ಮೇಲೆ ಹತ್ತಿ, ಹಳ್ಳದೊಳಗೆ ಇಳಿದು, ಕಡೆಗೆ ಒಂದು ಜಲಪಾತದ ಮುಂದೆ ನಿಂತು ಇವರು ಬೀಡಾ ಹಾಕಿಕೊಳ್ಳುತ್ತಿದ್ದರು. ನಾನು ವಾಪಸ್ಸು ಹೋಗುವ ದಾರಿಯನ್ನು ನೆನೆದು ಕೂತಿರುತ್ತಿದ್ದೆ.

ಜೀಪಿಗೆ ಕ್ಯಾನ್ವಾಸಿನ ಹುಡ್ಡು, ಹಿಂದೆ ಎದುರುಬದುರು ಎರಡು ಮರದ ಬೆಂಚು. ಆ ಬೆಂಚುಗಳ ನಡುವೆ ಸ್ಟೆಪ್ನಿ, ಅಂದರೆ ಹೆಚ್ಚುವರಿ ಚಕ್ರ. ಅದನ್ನು ತಗುಲಿಹಾಕುವ ಕಬ್ಬಿಣವನ್ನು ಹಿಂದಿನ ಯಾರೋ ಕತ್ತರಿಸಿ ತೆಗೆದಿದ್ದರು. ಹಾಗಾಗಿ ಅದು ಬೇಡದ ನೆಂಟನ ಹಾಗೆ ಒಳಗೇ ನಿಂತಿರುತ್ತಿತ್ತು, ಒಂದು ಹಗ್ಗದ ಕಟ್ಟಿನ ಬಲದ ಮೇಲೆ. ಮಗಳು ಅದರ ಪಕ್ಕದಲ್ಲೇ ಕಾಲು ಇಳಿಬಿಟ್ಟು ಕೂರುತ್ತಿದ್ದಳು.

ಒಂದು ಭಾನುವಾರ ಬೆಟ್ಟ ಇಳಿಯುವಾಗ ಮೇಕೆಗಳ ಹಿಂಡು ಅಡ್ಡ ಬಂತು. ಇವರು ಬ್ರೇಕು ಒತ್ತಿದರು. ಹಗ್ಗ ಕಿತ್ತು ಸ್ಟೆಪ್ನಿ ಉರುಳಿ ಮಗಳು ಕೂತಿದ್ದ ಬೆಂಚಿಗೆ ಬಡಿಯಿತು. ಹಲಗೆ ಸೀಳಿತು. ಆ ಹೊತ್ತಿಗೆ ಸರಿಯಾಗಿ ಅವಳು ಕಾಲು ಮೇಲೆತ್ತಿಕೊಂಡು ಬೆಂಚಿನ ಮೂಲೆಗೆ ಹೋದ ಪೇರಲಹಣ್ಣನ್ನು ಹೆಕ್ಕುತ್ತಿದ್ದಳು. ನನ್ನ ಜೀವ ಬಾಯಿಗೆ ಬಂತು. ಮಗಳು ನಕ್ಕಳು. ಇವರು ಹಿಂತಿರುಗಿ ನೋಡಿ, "ಏನೂ ಆಗ್ಲಿಲ್ಲಲ್ಲ" ಎಂದರು.

ಇದು ಇವರ ಮಾತು. ಆಗುವ ಮುಂಚೆ "ಏನೂ ಆಗಂಗಿಲ್ಲ", ಆದಮೇಲೆ "ಏನೂ ಆಗ್ಲಿಲ್ಲಲ್ಲ". ಮದುವೆಯಾದಾಗಿನಿಂದ ಈ ಎರಡು ಮಾತು ಕೇಳಿ ಕೇಳಿ ನನಗೆ ಮೈ ಉರಿದುಹೋಗಿತ್ತು. ಭಯಪಡುವ ಕೆಲಸವನ್ನೆಲ್ಲ ನನ್ನೊಬ್ಬಳ ತಲೆಗೆ ಕಟ್ಟಿ ಈ ಮನುಷ್ಯ ಆರಾಮಾಗಿದ್ದಾನಲ್ಲ ಎಂದು ಸಿಟ್ಟು ಬರುತ್ತಿತ್ತು. ಆವತ್ತು ಮನೆ ಮುಟ್ಟುವ ತನಕ ಮಗಳನ್ನು ಮಡಿಲಿನಿಂದ ಇಳಿಸಲಿಲ್ಲ. ಮನೆಗೆ ಬಂದು ಹೇಳಿದೆ:

"ಆ ಗಾಲಿ ಒಳಗ ಇರೂತನಕ ನನ್ನ ಮಗಳು ಈ ಗಾಡಿ ಹತ್ತಂಗಿಲ್ಲ."

"ಹೊರಗ ಹಾಕಸ್ತೀನಿ ತಗೋ" ಎಂದರು.

ಹೊರಗೆ ಅಂದರೆ ಎಲ್ಲಿ ಎಂಬುದೇ ಆಮೇಲೆ ದೊಡ್ಡ ಪಂಚಾಯಿತಿಯಾಯಿತು. ಬಾನೆಟ್ಟಿನ ಮೇಲೆ ಹಾಕಿದರೆ ಮುಂದೆ ಬರುವ ಮಗುವೋ ಮುದುಕಿಯೋ ಕಾಣುವುದಿಲ್ಲ ಎಂದು ನಾನು ಬೇಡವೆಂದೆ. ಪಕ್ಕಕ್ಕೆ ತಗುಲಿಸಿದರೆ ಬನಾರಸದ ಇಕ್ಕಟ್ಟಿನಲ್ಲಿ ಸೈಕಲ್ ರಿಕ್ಷಾದಲ್ಲಿ ಕೂತವರ ಮೊಣಕಾಲಿಗೆ ತಾಗುತ್ತದೆ, ಅದೂ ಬೇಡ. ಡಾಲಾದ, ಅಂದರೆ ಹಿಂದಿನ ಗಿಡ್ಡ ಬಾಗಿಲಿನ, ತಗಡಿಗೇ ಬೋಲ್ಟು ಹಾಕೋಣವೆಂದರೆ ಆ ತಗಡು ತುಕ್ಕು ತಿಂದು ಹಪ್ಪಳವಾಗಿತ್ತು. ನಾನು ಸ್ಟೇಷನ್ನಿನ ಮುಂದೆ ತರಕಾರಿಗೆ ಹೋದರೂ ನಿಂತ ಜೀಪುಗಳ ಬೆನ್ನು ನೋಡುತ್ತ ನಿಲ್ಲತೊಡಗಿದೆ. ಎಲ್ಲ ಚಕ್ರವೂ ಇನ್ನೇನು ಬೀಳುವ ಹಾಗೆಯೇ ಕಾಣುತ್ತಿತ್ತು. ಒಬ್ಬ ಡ್ರೈವರು, "ಕ್ಯಾ ದೇಖ್ ರಹೀ ಹೋ, ಮಾಜೀ?" ಎಂದು ಕೇಳಿದ. ಮೂವತ್ತೂ ತುಂಬದ ನನ್ನನ್ನು ಮುದುಕಿಯ ಹಾಗೆ ಮಾಜೀ ಎಂದನಲ್ಲ ಎಂದು ತರಕಾರಿ ಕೊಳ್ಳದೆ ಮನೆಗೆ ಬಂದೆ.

ಕಡೆಗೆ ಇವರೇ ಒಂದು ಉಪಾಯ ತಂದರು. ಚಾಕ್‌ಪೀಸಿನಿಂದ ಅಡುಗೆಮನೆಯ ನೆಲದ ಮೇಲೆ ಬರೆದು ತೋರಿಸಿದರು. ಜೀಪಿನ ಹಿಂದೆ ಒಂದು ಮೂಲೆಗೆ, ಕೆಳಗಿನ ಗಟ್ಟಿ ಚಾಸಿಗೆ, ಅಂದರೆ ಗಾಡಿಯ ಅಡಿಕಟ್ಟಿಗೆ, ಬೆಸೆದ ಒಂದು ಕಂಬ. ಕಂಬಕ್ಕೆ ಕೀಲಿನ ಮೇಲೆ ತಿರುಗುವ ಒಂದು ಕೈ. ಆ ಕೈಗೆ ಚಕ್ರ. ಬಾಗಿಲು ತೆರೆದ ಹಾಗೆ ಕೈಯನ್ನು ಪಕ್ಕಕ್ಕೆ ತಿರುಗಿಸಿದರೆ ಡಾಲಾ ತೆರೆದು ಮಗಳು ಹತ್ತಬಹುದು. ಮತ್ತೆ ಮುಚ್ಚಿ, ಇನ್ನೊಂದು ಮೂಲೆಯಲ್ಲಿ ತೂತಿಗೆ ತೂತು ಕೂಡಿಸಿ ಒಂದು ದಪ್ಪ ಪಿನ್ನು ಇಳಿಬಿಟ್ಟರೆ ಮುಗಿಯಿತು.

"ಅಂದ್ರ ಎಲ್ಲಾ ಆ ಪಿನ್ನಿನ ಮ್ಯಾಲೆ ನಿಂತದೇನು?" ಎಂದು ಕೇಳಿದೆ.

"ಹೂಂ."

"ಅದು ಕಳಚಿ ಬಿದ್ರ?"

"ಯಾಕ ಬೀಳ್ತದ? ಏನೂ ಆಗಂಗಿಲ್ಲ."

ನೆಲದ ಮೇಲಿನ ಆ ಚಿತ್ರವನ್ನು ಒರೆಸುವಾಗ ನನ್ನ ಕಣ್ಣ ಮುಂದೆ ಇನ್ನೊಂದು ಚಿತ್ರ ಬಂತು. ಪಿನ್ನು ಬಿದ್ದಿದೆ, ತಿರುವಿನಲ್ಲಿ ಆ ಕಬ್ಬಿಣದ ಕೈ ಬೀಸಿಕೊಂಡು ತೆರೆದಿದೆ, ಡಾಲಾಕ್ಕೆ ಒರಗಿ ಕೂತಿದ್ದ ಮಗಳು ಅದರ ಜೊತೆಗೇ ರಸ್ತೆಗೆ ಹೋಗಿದ್ದಾಳೆ. ಒಳಗಿದ್ದ ಚಕ್ರಕ್ಕೆ ಹೆದರಿ ಹೊರಗೆ ಹಾಕಿಸಲು ಹೊರಟರೆ ಹೆದರಿಕೆ ಹೊರಗೆ ಹೋಗಲಿಲ್ಲ. ಆದರೂ ಬೇರೆ ದಾರಿ ಕಾಣದೆ ಒಪ್ಪಿದೆ.

ಸ್ಟೇಷನ್ನಿನ ಹಿಂದಿನ ಶೆಡ್ಡಿನಲ್ಲಿ ಕೆಲಸ. ಅಲ್ಲಿನ ಮಿಸ್ತ್ರಿ ಗಟ್ಟಿ ಬಾಯಿಯ ಮನುಷ್ಯ. ಆಗಷ್ಟೇ ವಿಶ್ವಕರ್ಮ ಪೂಜೆ ಮುಗಿದಿತ್ತು, ಅವನ ಡ್ರಿಲ್ಲಿಂಗ್ ಮಿಷನ್ನಿನ ಮೇಲೆ ಚೆಂಡುಹೂವಿನ ಮಾಲೆ ಇನ್ನೂ ಒಣಗುತ್ತಿತ್ತು. "ಬಹೂಜಿ, ಇಸ್‌ಮೇ ಹಾಥೀ ಬಾಂಧ್ ದೀಜಿಯೇ, ಹಿಲೇಗಾ ನಹೀಂ" ಎಂದ. ಆನೆ ಕಟ್ಟಿದರೂ ಅಲ್ಲಾಡುವುದಿಲ್ಲವಂತೆ. ನಾನು ಆನೆ ಕಟ್ಟಲು ಬಂದಿರಲಿಲ್ಲ. ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇದೆ, ಅದು ತುಂಬಿರುವಾಗ ವೆಲ್ಡಿಂಗ್ ಮಾಡುತ್ತೀರಾ ಎಂದು ಕೇಳಿದೆ. ಅವನು ನಕ್ಕು, ದಿನಾ ಮಾಡುತ್ತೇನೆ, ಇನ್ನೂ ಬದುಕಿದ್ದೇನೆ ಎಂದ.

ನಾನು ಇವರ ಮುಖ ನೋಡಿದೆ. ಇವರು ಬ್ಯಾಟರಿಯ ವೈರು ಬಿಚ್ಚಿದರು, ಒಂದು ರಬ್ಬರು ಕೊಳವೆಯಿಂದ ಪೆಟ್ರೋಲನ್ನೆಲ್ಲ ಡಬ್ಬಿಗೆ ಇಳಿಸಿ ದೂರ ಇಟ್ಟರು, ಟ್ಯಾಂಕಿನ ಸುತ್ತ ಒದ್ದೆ ಗೋಣಿಚೀಲ ಹೊದಿಸಿದರು. ಇಷ್ಟೆಲ್ಲ ನನ್ನ ಬಾಯಿ ಮುಚ್ಚಿಸಲಿಕ್ಕೆ ಮಾಡುತ್ತಿದ್ದಾರೆ ಎಂದುಕೊಂಡೆ. ಮಗಳನ್ನು ಎತ್ತಿಕೊಂಡು ರಸ್ತೆಯ ಆಚೆಗೆ ಹೋಗಿ, ಚಹಾದ ಅಂಗಡಿಯ ಹಿಂದೆ ನಿಂತು, ಕಿಡಿ ಹಾರಿದಾಗಲೆಲ್ಲ ಪಂಚಾಕ್ಷರಿ ಹೇಳಿಕೊಂಡೆ.

ಚಕ್ರ ಏರಿಸಿದ ಮೇಲೆ ನೋಡಿದರೆ ಭಾರಕ್ಕೆ ಕೈ ಒಂದಿಷ್ಟು ಜಗ್ಗಿತ್ತು. ತೂತಿಗೆ ತೂತು ಕೂಡಲಿಲ್ಲ. ಇವರು ಹೆಗಲು ಕೊಟ್ಟು ಎತ್ತಿ ಹಿಡಿದು, ಮಿಸ್ತ್ರಿ ಸುತ್ತಿಗೆಯಿಂದ ಬಡಿದ ಮೇಲೆಯೇ ಪಿನ್ನು ಪೂರಾ ಇಳಿಯಿತು. "ಯೇ ತೋ ಔರ್ ಅಚ್ಛಾ ಹೈ, ಟೈಟ್ ರಹೇಗಾ" ಎಂದು ಅವನು, ಬಿಗಿಯಾಗಿರುವುದೇ ಒಳ್ಳೆಯದೆಂಬಂತೆ, ತನ್ನ ತಪ್ಪನ್ನೂ ನಮಗೆ ಉಡುಗೊರೆ ಮಾಡಿಕೊಟ್ಟ. ಆಮೇಲೆ ಪ್ರತಿ ಸಲವೂ ಅದೇ ಗೋಳು. ಇವರು ಹೆಗಲು ಕೊಡಬೇಕು, ನಾನು ಸುತ್ತಿಗೆ ಹಿಡಿಯಬೇಕು.

ನಾನು ಮಗಳಿಗೊಂದು ಅಭ್ಯಾಸ ಮಾಡಿಸಿದೆ. ಜೀಪು ಹತ್ತಿದ ಕೂಡಲೇ ಕ್ಯಾನ್ವಾಸಿನ ಸಂದಿಯಿಂದ ಕೈ ಹಾಕಿ ಪಿನ್ನು ಮುಟ್ಟಿ ನೋಡಬೇಕು. ಶಾಲೆಗೆ ಸೇರಿದ ಮೇಲೆ ಅವಳ ನಾಲಿಗೆಯಲ್ಲಿ ಹಿಂದಿಯೇ ಮುಂದಾಗಿತ್ತು. "ಲಗಾ ಹೈ" ಎನ್ನುತ್ತಿದ್ದಳು, ಹಾಕಿದೆ ಎಂದು. ಅವಳು ಹಾಗೆ ಹೇಳಿದ ಮೇಲೆಯೇ ಇವರು ಗಾಡಿ ಬಿಡಬೇಕು. ಇವರು ನಗುತ್ತಿದ್ದರು, ಆದರೆ ಒಮ್ಮೆಯೂ ಅವಳು ಹೇಳುವ ಮುಂಚೆ ಗಾಡಿ ಬಿಟ್ಟವರಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ಬನಾರಸದವರಿಗೆ ದುರ್ಗೆಯ ಪೆಂಡಾಲು, ರಾಮಲೀಲೆ, ನಮಗೆ ಖಂಡೇನವಮಿ. ನನ್ನ ತವರಿನಲ್ಲಿ ಅಂದು ಮನೆಯಲ್ಲಿರುವ ಕಬ್ಬಿಣವೆಲ್ಲ ಪೂಜೆಗೆ ಕೂರುತ್ತದೆ. ಕುಡುಗೋಲು, ಕತ್ತರಿ, ಈಳಿಗೆ, ಹೊಲಿಗೆ ಮಿಷನ್ನು, ಏನಿದ್ದರೂ ತೊಳೆದು ವಿಭೂತಿ ಹಚ್ಚಿ ಮಣೆಯ ಮೇಲೆ ಇಟ್ಟರೆ ಮರುದಿನ ದಶಮಿಯ ಬೆಳಗಿನ ಪೂಜೆ ಆಗುವ ತನಕ ಅವನ್ನು ಮುಟ್ಟುವ ಹಾಗಿಲ್ಲ. ವರ್ಷವಿಡೀ ದುಡಿದ ಕಬ್ಬಿಣಕ್ಕೆ ಒಂದು ದಿನದ ವಿಶ್ರಾಂತಿ. ಅಂದು ತರಕಾರಿಯನ್ನೂ ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುತ್ತೇವೆ. ಅಕಸ್ಮಾತ್ ಮುಟ್ಟಿದರೆ ಆ ಕಬ್ಬಿಣ ಮನೆಯವರ ಮೇಲೆಯೇ ತಿರುಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಎಲ್ಲದಕ್ಕೂ ಹೆದರುವ ನಾನು ಇದಕ್ಕೆ ಹೆದರದೆ ಇರುತ್ತೇನೆಯೇ.

ನವಮಿಯ ಬೆಳಿಗ್ಗೆ ಇವರು ಜೀಪು ತೊಳೆದರು. ಜಾಕು, ಪಾನಾ, ಸುತ್ತಿಗೆ ಎಲ್ಲ ಮಣೆಯೇರಿದವು. ಪಿನ್ನನ್ನೂ ತಂದು ಕೊಡಿ ಎಂದು ನಾನೇ ಹೇಳಿದೆ. ಮನೆಯ ಕಬ್ಬಿಣದಲ್ಲೆಲ್ಲ ನನ್ನ ಮಗಳ ಜೀವ ಕಾಯುವ ಕಬ್ಬಿಣ ಅದು. ಈಳಿಗೆಗೆ ಪೂಜೆ ಆಗಿ ಅದಕ್ಕೆ ಆಗದಿದ್ದರೆ ಹೇಗೆ? ಹುಣಸೆಹಣ್ಣು ಹಾಕಿ ತಿಕ್ಕಿ, ಬನಾರಸದಲ್ಲೇ ಇರುವ ನಮ್ಮ ಜಂಗಮರ ಮಠದಿಂದ ತಂದ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಎಲ್ಲದರ ನಡುವೆ ಕೂರಿಸಿದೆ. ಇವರು ಪಿನ್ನಿನ ಜಾಗದಲ್ಲಿ ಹಗ್ಗ ಕಟ್ಟಿ ಬಂದರು. "ನಾಳಿ ತನಕಾ ಗಾಡಿ ಎಲ್ಲಿ ಹೊಂಟದ? ಏನೂ ಆಗಂಗಿಲ್ಲ" ಎಂದರು.

ಮಗಳಿಗೆ ಹಿಂದಿನ ದಿನದಿಂದ ಮೈ ಬಿಸಿಯಿತ್ತು. ಮಾತ್ರೆಗೆ ಇಳಿದಿತ್ತು. ಮಧ್ಯಾಹ್ನ ಹೋಳಿಗೆಯ ಮುಂದೆ ಕೂತವಳು ಚಳಿ ಎಂದಳು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ನೋಡುನೋಡುತ್ತಿದ್ದ ಹಾಗೆ ಮೈ ಕಾವಲಿಯಾಯಿತು, ಕಣ್ಣು ತೇಲಿಸಿ ಏನೇನೋ ಬಡಬಡಿಸತೊಡಗಿದಳು. ಇವರು ಆಟೋ ಹುಡುಕಲು ಓಡಿದರು. ಲಂಕಾ ಎಂಬ ಬಡಾವಣೆಯ ದೊಡ್ಡ ಆಸ್ಪತ್ರೆಗೆ ಎಂದರೆ ಒಬ್ಬನೂ ಒಪ್ಪಲಿಲ್ಲ. ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕು, ನಡುವೆ ದಾರಿಯುದ್ದ ಪೆಂಡಾಲು, ದುರ್ಗಾಕುಂಡದ ಗುಡಿಯ ಮುಂದೆ ನವಮಿಯ ಜನ. ಬರಿಗೈಯಲ್ಲಿ ವಾಪಸ್ಸು ಬಂದವರು ಜೀಪಿನ ಕೀಲಿ ತೆಗೆದುಕೊಂಡರು. ಪೂಜೆಗೆ ಕೂತ ಜೀಪದು. ಆದರೂ ನಾನು ಮಗಳನ್ನು ಎತ್ತಿಕೊಂಡು ಇವರ ಹಿಂದೆ ನಡೆದೆ.

ಹಗ್ಗ ಬಿಚ್ಚುತ್ತ ಕೂರದೆ, ಮಗಳನ್ನು ಕಂಬಳಿ ಸಮೇತ ಮುಂದಿನ ಸೀಟಿನ ಮೇಲಿಂದ ದಾಟಿಸಿ ಹಿಂದಿನ ಬೆಂಚಿನ ಮೇಲೆ ಮಲಗಿಸಿದೆವು. ಅಷ್ಟು ಜ್ವರದಲ್ಲೂ ಅವಳ ಕೈ ಕ್ಯಾನ್ವಾಸಿನ ಸಂದಿ ಹುಡುಕಿತು. ಸಿಕ್ಕಿದ್ದು ಹಗ್ಗ. ಮೈ ಸೆಟೆದುಕೊಂಡು ಎದ್ದು ಕೂತಳು.

"ನಹೀಂ ಲಗಾ ಹೈ. ಅವ್ವಾ, ನಹೀಂ ಲಗಾ ಹೈ" ಎಂದು ಅಳತೊಡಗಿದಳು. ಕೆಳಗೆ ಇಳಿಯಲು ಹೋದಳು. ಇವರು ಹಿಡಿದುಕೊಂಡು, "ಹಗ್ಗ ಗಟ್ಟಿ ಅದ ತಂಗಿ, ಏನೂ ಆಗಂಗಿಲ್ಲ" ಎಂದರು. ಅವಳು ಕೇಳಲಿಲ್ಲ. ಅವಳ ಕಣ್ಣಿನಲ್ಲಿದ್ದ ಹೆದರಿಕೆ ನನ್ನದೇ, ನಾನೇ ದಿನವೂ ಉಣ್ಣಿಸಿದ್ದು.

ನಾನು ಮನೆಯೊಳಗೆ ಓಡಿದೆ. ಮಣೆಯ ಮುಂದೆ ದೀಪ ಇನ್ನೂ ಉರಿಯುತ್ತಿತ್ತು. ಕೈ ಚಾಚಿದೆ, ಹಿಂದೆ ತೆಗೆದುಕೊಂಡೆ. ಅವ್ವನ ಮಾತು ಕಿವಿಯಲ್ಲಿ ಕೇಳಿಸಿತು, ಹೊರಗೆ ಮಗಳು ಅಳುವುದೂ ಕೇಳಿಸಿತು. ತಪ್ಪಾದರೆ ನನ್ನ ಮೇಲೆ ತಿರುಗಲಿ, ಅವಳ ಮೇಲೆ ಬೇಡ ಎಂದು ಬಾಯಿಬಿಟ್ಟೇ ಹೇಳಿ, ಹೂವನ್ನು ಸರಿಸಿ ಪಿನ್ನು ಎತ್ತಿಕೊಂಡೆ. ಪಕ್ಕದಲ್ಲೇ ಇದ್ದ ಸುತ್ತಿಗೆ ಆ ಗಾಬರಿಯಲ್ಲಿ ನೆನಪಾಗಲಿಲ್ಲ.

ಇವರು ಚಕ್ರಕ್ಕೆ ಹೆಗಲು ಕೊಟ್ಟರು. ನಾನು ಬಗ್ಗಿ ಪಿನ್ನು ತುರುಕಿದೆ. ಅರ್ಧ ಇಳಿದು ನಿಂತಿತು. ಆಗಲೇ ನಾನು ಆ ಹಗ್ಗವನ್ನು ಹತ್ತಿರದಿಂದ ನೋಡಿದ್ದು. ಒಂದು ಗಂಟಲ್ಲ. ಗಂಟಿನ ಮೇಲೆ ಗಂಟು, ಅದರ ಮೇಲೆ ಸುತ್ತು, ಸುತ್ತಿನ ಮೇಲೆ ಮತ್ತೆ ಗಂಟು. ಮರುದಿನದ ತನಕ ಎಲ್ಲಿಗೂ ಹೋಗದ ಗಾಡಿಗೆ ಹಾಕಿದ ಕಟ್ಟು ಅದು. ಏನೂ ಆಗುವುದಿಲ್ಲ ಎಂದು ನಂಬಿದ ಮನುಷ್ಯ ಹಾಗೆ ಕಟ್ಟುವುದಿಲ್ಲ. ನಾನು ಇವರ ಕಡೆ ನೋಡಿದೆ. ಇವರು ಮುಖ ಬೇರೆ ಕಡೆ ತಿರುಗಿಸಿದ್ದರು.

"ಸುತ್ತಿಗಿ ತರ್ಲೇನು?" ಎಂದೆ.

"ಹೊತ್ತಿಲ್ಲ. ಹತ್ತು."

ನಾನೂ ಮುಂದಿನಿಂದಲೇ ದಾಟಿ, ಮಗಳನ್ನು ಮಡಿಲಿಗೆ ಎಳೆದುಕೊಂಡು ಹಿಂದೆಯೇ ಕೂತೆ. ಬಲಗೈಯನ್ನು ಕ್ಯಾನ್ವಾಸಿನ ಸಂದಿಯಿಂದ ಹೊರಗೆ ಹಾಕಿ ಅರ್ಧ ನಿಂತ ಪಿನ್ನನ್ನು ಅದುಮಿ ಹಿಡಿದೆ. ಸಿಗರಾ, ರಥಯಾತ್ರಾ ಚೌಕಗಳನ್ನು ದಾಟುವ ತನಕ ನನಗೆ ಉಸಿರು ಬಿಟ್ಟ ನೆನಪಿಲ್ಲ. ಗುಂಡಿ ಬಂದಾಗಲೆಲ್ಲ ಪಿನ್ನು ನನ್ನ ಅಂಗೈಯೊಳಗೆ ಮೇಲಕ್ಕೆ ಒದೆಯುತ್ತಿತ್ತು, ನಾನು ಕೆಳಕ್ಕೆ ಒತ್ತುತ್ತಿದ್ದೆ. ಭೇಲೂಪುರದ ತಿರುವಿನಲ್ಲಿ ಆ ಕಬ್ಬಿಣದ ಕೈ ಕಿರ್ ಎಂದು ಹಗ್ಗದ ಮೇಲೆ ಭಾರ ಬಿಟ್ಟಿತು. ಹಿಂದೆಯೇ ಒಂದು ರಿಕ್ಷಾ, ಅದರಲ್ಲಿ ಹೊಸ ಫ್ರಾಕು ಹಾಕಿದ ಎರಡು ಮಕ್ಕಳು. ಅವರನ್ನು ನೋಡಿ ಕಣ್ಣು ಮುಚ್ಚಿಕೊಂಡೆ. ಮತ್ತೆ ತೆರೆದಾಗ ಹಗ್ಗ ಹಾಗೇ ಇತ್ತು, ಮಕ್ಕಳೂ ಇದ್ದರು.

ದುರ್ಗಾಕುಂಡದಲ್ಲಿ ಜೀಪು ನಿಂತೇಬಿಟ್ಟಿತು. ಮುಂದೂ ಜನ, ಹಿಂದೂ ಜನ. ಚಕ್ರಕ್ಕೆ ಮೈ ತಾಗಿಸಿಕೊಂಡು ಜನ ಹರಿಯುತ್ತಿದ್ದರು, ಒಬ್ಬ ಅದಕ್ಕೆ ಕೈಯೂರಿ ನಿಂತು ಚಪ್ಪಲಿ ಸರಿಮಾಡಿಕೊಂಡ. ಮಗಳು ಕಣ್ಣು ತೆರೆದು ನನ್ನ ಕೈ ಹೊರಗಿರುವುದನ್ನು ನೋಡಿದಳು.

"ಅವ್ವಾ, ಚಕ್ಕಾ ಗಿರೇಗಾ?"

ಚಕ್ರ ಬೀಳುತ್ತದಾ ಎಂದು. ಬೀಳಬಹುದು ಎಂದೇ ನನಗೆ ಅನ್ನಿಸುತ್ತಿತ್ತು. ಕೈ ಮರಗಟ್ಟಿತ್ತು. ಎದೆ ಹೊಡೆದುಕೊಳ್ಳುವುದು ಅವಳಿಗೆ ಕೇಳಿಸುತ್ತದೇನೋ ಎಂದು ಅವಳ ತಲೆಯನ್ನು ಸ್ವಲ್ಪ ಕೆಳಗೆ ಸರಿಸಿಕೊಂಡೆ.

"ಏನೂ ಆಗಂಗಿಲ್ಲ, ನನ್ನವ್ವ" ಎಂದೆ.

ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಇವರು ಮುಂದಿನ ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಗಲಿಲ್ಲ. ಮಗಳು ಕಣ್ಣು ಮುಚ್ಚಿದಳು, ನನ್ನ ಸೆರಗನ್ನು ಹಿಡಿದಿದ್ದ ಕೈ ಸಡಿಲವಾಯಿತು. ಅವಳು ನಂಬಿದ್ದಳು.

ಆಸ್ಪತ್ರೆಯ ಮುಂದೆ ಇವರು ಮಗಳನ್ನು ಎತ್ತಿಕೊಂಡು ಒಳಗೆ ಓಡಿದರು. ನನ್ನ ಬೆರಳುಗಳು ಪಿನ್ನು ಬಿಡಲಿಲ್ಲ, ಎಡಗೈಯಿಂದ ಒಂದೊಂದಾಗಿ ಬಿಡಿಸಿಕೊಂಡು ಹಿಂದೆ ಓಡಿದೆ. ಬಾಗಿಲಲ್ಲಿ ನರ್ಸಮ್ಮ ನನ್ನ ಅಂಗೈ ನೋಡಿ, "ಯೇ ಖೂನ್ ಕೈಸಾ?" ಎಂದು ಕೈ ಹಿಡಿದಳು. ರಕ್ತವಲ್ಲ, ಕುಂಕುಮ. ಒರೆಸಿ ನೋಡಿದಾಗ ಸ್ವಲ್ಪ ರಕ್ತವೂ ಇತ್ತು.

ಮಲೇರಿಯಾ ಎಂದರು. ಸೂಜಿ ಚುಚ್ಚಿದರು, ಬಾಟ್ಲಿ ಏರಿಸಿದರು. ಮರುದಿನ ಬೆಳಿಗ್ಗೆ ಮೈ ಬೆವೆತು ಜ್ವರ ಇಳಿಯಿತು, ಹಾಲು ಬ್ರೆಡ್ಡು ತಿಂದು ಮಲಗಿದಳು. ಇವರು ಮನೆಗೆ ಹೋಗಿ ದಶಮಿಯ ಪೂಜೆ ಮುಗಿಸಿ, ಮಠಕ್ಕೆ ಹೋಗಿ ಬನ್ನಿ ಎಲೆ ತಂದಿದ್ದರು. ಹಾಸಿಗೆಯ ಈ ಕಡೆ ನಾನು, ಆ ಕಡೆ ಇವರು.

"ಹಗ್ಗಕ್ಕ ಎಷ್ಟ ಗಂಟು ಹಾಕಿದ್ರಿ?" ಎಂದು ಕೇಳಿದೆ.

"ಎಣಿಸಿಲ್ಲ."

"ನಿಮಗೂ ಅಂಜಿಕಿ ಬರ್ತದೇನು?"

ಇವರು ಮಗಳ ಹೊದಿಕೆ ಸರಿಮಾಡಿದರು. "ದಿನಾ ಬರ್ತದ" ಎಂದರು.

"ಮತ್ತ ಏನೂ ಆಗಂಗಿಲ್ಲ ಅಂತೀರಿ?"

"ನಿನ್ನಿ ನೀ ಅಂದೆಲ್ಲ, ಹಂಗ."

ಇಷ್ಟು ವರ್ಷ ಒಬ್ಬಳೇ ಹೆದರುತ್ತಿದ್ದೇನೆ ಎಂದುಕೊಂಡಿದ್ದೆ. ಇವರು ಬನ್ನಿ ಎಲೆಯನ್ನು ನನ್ನ ಬಲಗೈಗೆ ಇಡಲು ಬಂದವರು, ಗಾಯ ಕಂಡು, ಇನ್ನೊಂದು ಕೈಗೆ ಇಟ್ಟರು.